ಕರೆಂಟ್ ಕಂಬ ಇರುವಾಗ ನೆಲ ಅಗೆಯೋದು ಯಾಕೆ?

ಸಿಗ್ನಲ್ ಸಿಕ್ತಾ: ಕಂಬ, ಟವರ್, ಪೈಪು ಎಲ್ಲಾ ಈಗಾಗಲೇ ಇವೆ. ಆದರೂ ದೇಶಕ್ಕೆಲ್ಲಾ ಬ್ರಾಡ್‌ಬ್ಯಾಂಡ್ ಕೊಡ್ತೀವಿ ಅಂತ ಹೊರಟವರು ಮೊದಲು ಕರೆಸುವುದು ಜೆಸಿಬಿಯನ್ನೇ. ವೇಗದ ನೆಟ್‌ವರ್ಕ್ ಖರ್ಚಿನಲ್ಲಿ ಶೇ 80ರವರೆಗೆ ಅಗೆತದಂಥ ಸಿವಿಲ್ ಕೆಲಸಕ್ಕೇ ಹೋಗಬಹುದು ಎಂದು ಯುರೋಪಿಯನ್ ಕಮಿಷನ್ನೇ 2013ರಲ್ಲಿ ಹೇಳಿತ್ತು. ಇದ್ದ ಕಂಬಕ್ಕೆ ಫೈಬರ್, ಅಂದರೆ ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆ, ಕಟ್ಟಿದರೆ ಮುಗೀತಲ್ವಾ?

ತಂತಿ ಮೇಲಿನ ಹಕ್ಕಿ: ಅರ್ಧ ಕೆಲಸ ಆಗಲೇ ಆಗಿದೆ ಸರ್. ದೊಡ್ಡ ಟವರ್‌ಗಳ ತುತ್ತತುದಿಯಲ್ಲಿ ಒಂದು ತಂತಿ ಕಾಣುತ್ತದಲ್ಲ, ಅದು ಸಿಡಿಲಿನಿಂದ ಕೆಳಗಿನ ತಂತಿಗಳನ್ನು ಕಾಪಾಡುವ ಅರ್ತ್ ವೈರ್. ಈಗ ಅದರ ಹೊಟ್ಟೆಯಲ್ಲೇ ಫೈಬರ್ ಇಟ್ಟು ಎಳೆಯುತ್ತಾರೆ. ಒಪಿಜಿಡಬ್ಲ್ಯೂ ಅಂತ ಕರೀತೀವಿ. ಪಕ್ಕದಲ್ಲೇ ಲಕ್ಷಗಟ್ಟಲೆ ವೋಲ್ಟ್ ಹರಿದರೂ ಬೆಳಕಿನ ಸಿಗ್ನಲ್ ಕೆಡುವುದಿಲ್ಲ. ಸಬ್‌ಸ್ಟೇಷನ್‌ಗಳ ರಿಲೇ (ಲೈನ್ ಕೆಟ್ಟರೆ ಕರೆಂಟ್ ಕಡಿತಗೊಳಿಸಲು ಹೇಳುವ ಸಾಧನ), ನಿಯಂತ್ರಣಕ್ಕೆ ಬೇಕಾಗುವುದು ಕೆಲವೇ ಎಳೆ. ಮಿಕ್ಕವು ಸುಮ್ನೆ ಕತ್ತಲಲ್ಲಿ ಬಿದ್ದಿರುತ್ತವೆ. ಹೆಸರೇ ಡಾರ್ಕ್ ಫೈಬರ್. ಅದನ್ನು ಬಾಡಿಗೆಗೆ ಕೊಡಬಹುದು.

ಲೆಕ್ಕದ ಪುಸ್ತಕ: ಆ ಟವರ್ ಸಾಲು ಊರಿನ ಮೇಲೆ ಹಾದು ಹೋಗುತ್ತದೆ, ಊರಿಗೆ ಇಳಿಯುವುದಿಲ್ಲ. ನೀವು ಹೇಳ್ತಿರೋದು ಬೆನ್ನೆಲುಬಿನ ಲೈನ್. ಸಬ್‌ಸ್ಟೇಷನ್‌ನಿಂದ ಮನೆ ಬಾಗಿಲವರೆಗಿನ ದಾರಿಯೇ ಜಾಸ್ತಿ ದುಡ್ಡು ತಿನ್ನೋದು.

ಹೊಸಬ: ದಡ್ಡ ಪ್ರಶ್ನೆ ಅನಿಸಿದರೆ ಕ್ಷಮಿಸಿ. ಫೈಬರ್ ಯಾಕೆ ಬೇಕು? ಕರೆಂಟ್ ತಂತಿಯೊಳಗೇ ಇಂಟರ್ನೆಟ್ ಕಳಿಸಬಹುದಲ್ಲ?

ಶಾರ್ಟ್‌ವೇವ್: ದಡ್ಡ ಪ್ರಶ್ನೆ ಅಲ್ಲ, ದುಬಾರಿ ಪ್ರಶ್ನೆ. ಕಂಪನಿಗಳೇ ಅದಕ್ಕೆ ದುಡ್ಡು ಸುರಿದಿವೆ. ಟ್ರಾನ್ಸ್‌ಫಾರ್ಮರ್ ಇಂಟರ್ನೆಟ್‌ನ ಹೈ ಫ್ರೀಕ್ವೆನ್ಸಿ ಸಿಗ್ನಲನ್ನು ಸರಿಯಾಗಿ ದಾಟಲು ಬಿಡುವುದಿಲ್ಲ. ಹೊದಿಕೆ ಇಲ್ಲದ ತಂತಿ ದೊಡ್ಡ ಆಂಟೆನಾ ಥರ ವರ್ತಿಸಿ ನಮ್ಮಂಥ ಹ್ಯಾಮ್ (ಹವ್ಯಾಸಿ) ರೇಡಿಯೊದವರ ಕಿವಿ ಕೆಡಿಸುತ್ತದೆ. ಅಮೆರಿಕದ ಮನಾಸಸ್ ನಗರ ಇದನ್ನು ನಡೆಸಿ ನೋಡಿ 2010ರಲ್ಲಿ ನಿಲ್ಲಿಸಿತು. ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಆದರೆ ಓಕೆ. ದೇಶಕ್ಕೆ ಬೇಡ.

ತಂತಿ ಮೇಲಿನ ಹಕ್ಕಿ: @ಲೆಕ್ಕದ ಪುಸ್ತಕ, ಬೀದಿ ಕಂಬಕ್ಕೂ ದಾರಿ ಇದೆ. ಎಡಿಎಸ್‌ಎಸ್ ಅಂತ ಒಂದು ಬಗೆಯ ಕೇಬಲ್. ಒಳಗೆ ಲೋಹವೇ ಇಲ್ಲ, ತನ್ನ ಭಾರ ತಾನೇ ಹೊರುತ್ತದೆ. ಆದರೆ ಕಂಬ ಕಂಡ ಕೂಡಲೇ ಕಟ್ಟೋಕಾಗಲ್ಲ. ಗಾಳಿ ಬೀಸಿದಾಗ ಕೇಬಲ್ ಎಷ್ಟು ಎಳೆಯುತ್ತದೆ? ಕರೆಂಟ್ ತಂತಿಗೂ ಅದಕ್ಕೂ ಎಷ್ಟು ಅಂತರ? ಹಳೇ ಕಂಬ ತಡೆದುಕೊಳ್ಳುತ್ತದಾ? ತಡೆಯದಿದ್ದರೆ ಹೊಸ ಕಂಬ ನೆಡಬೇಕು. ಅದರ ಖರ್ಚು ಯಾರದ್ದು ಅಂತ ಶುರುವಾದ ಜಗಳ ಬೇಗ ಮುಗಿಯಲ್ಲ. ಇನ್ನೊಂದು, ಫೈಬರ್ ತುಂಡಾದರೆ ಇಂಟರ್ನೆಟ್ ಹುಡುಗರು ಕರೆಂಟ್ ಕಂಬ ಹತ್ತುವ ಹಾಗಿದೆಯಾ? ತರಬೇತಿ ಇಲ್ಲದೆ ಹತ್ತಿದರೆ ಜೀವವೇ ಹೋಗುತ್ತದೆ. ಒಪ್ಪಂದದಲ್ಲಿ ನಾನು ಮೊದಲು ಓದುವುದೇ ಆ ಪುಟ.

ಸಿಗ್ನಲ್ ಸಿಕ್ತಾ: ಕೆಲವರು ಮಾಡಿ ತೋರಿಸಿದ್ದಾರಲ್ಲ ಸರ್. ಅಮೆರಿಕದ ಚಟನೂಗಾ ನಗರದ ವಿದ್ಯುತ್ ಸಂಸ್ಥೆ ಇಪಿಬಿ 2010ರಲ್ಲೇ ಗಿಗಾಬಿಟ್ ವೇಗ ಕೊಟ್ಟಿತು. ಅದೇ ಫೈಬರ್ ಬಳಸಿ ಲೈನ್ ಕೆಟ್ಟ ಜಾಗವನ್ನು ತಾನಾಗಿ ಬೇರ್ಪಡಿಸುವ ಸ್ವಿಚ್‌ಗಳನ್ನೂ ನಡೆಸುತ್ತದೆ. ಒಂದೇ ಕೇಬಲ್, ಎರಡು ಕೆಲಸ.

ಲೆಕ್ಕದ ಪುಸ್ತಕ: ಅಲ್ಲಿ ಕಂಬದ ಒಡೆಯನೂ ಇಂಟರ್ನೆಟ್ ಮಾರುವವನೂ ಒಬ್ಬನೇ. ಜಗಳ ಮನೆಯೊಳಗೇ ಮುಗಿಯಿತು. ಖಾಸಗಿ ಕಂಪನಿ ಹಾಗೆ ಮಾಡಿ, ಬೇರೆಯವರಿಗೆ ಕಂಬ ಕೊಡಲ್ಲ ಅಂದರೆ? ನನಗೆ ಐರ್ಲೆಂಡ್ ದಾರಿ ಹಿಡಿಸಿತು. ವಿದ್ಯುತ್ ಕಂಪನಿ ಇಎಸ್‌ಬಿ, ವೊಡಾಫೋನ್ ಸೇರಿ ಸಿರೋ ಎಂಬ ಕಂಪನಿ ಮಾಡಿಕೊಂಡವು. ಫೈಬರ್ ಹಾಕುವುದು ಸಿರೋ. ಅದು ಮನೆಗಳಿಗೆ ನೇರವಾಗಿ ಮಾರದೆ, ಇಂಟರ್ನೆಟ್ ಕಂಪನಿಗಳಿಗೆ ಸಗಟಾಗಿ ಕೊಡುತ್ತದೆ.

ಮ್ಯಾನ್‌ಹೋಲ್ ಮೇಡಂ: ಎಲ್ಲರೂ ಮೇಲೇ ನೋಡ್ತಿದ್ದೀರಿ, ಸ್ವಲ್ಪ ಕೆಳಗೂ ನೋಡಿ. ಪ್ಯಾರಿಸ್‌ನಲ್ಲಿ ಒಳಚರಂಡಿಯಲ್ಲೇ ಫೈಬರ್ ಓಡುತ್ತದೆ. ಆದರೆ ಹಳೇ ಆಸ್ತಿ ಜೊತೆ ಹಳೇ ಪಾಪವೂ ಬರುತ್ತದೆ. ಆಸ್ಟ್ರೇಲಿಯಾ ತನ್ನ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್‌ಗೆ ಟೆಲ್‌ಸ್ಟ್ರಾ ಎಂಬ ಟೆಲಿಫೋನ್ ಕಂಪನಿಯ ಹಳೇ ಡಕ್ಟು (ಕೇಬಲ್ ಹಾಯಿಸುವ ನೆಲದಡಿಯ ಪೈಪು), ಅವನ್ನು ತಲುಪುವ ಗುಂಡಿಗಳನ್ನೇ ಬಳಸಲು ಹೊರಟಿತು. 2013ರಲ್ಲಿ ಗುಂಡಿಗಳಲ್ಲಿದ್ದ, ಶ್ವಾಸಕೋಶ ಕೆಡಿಸುವ ಆಸ್‌ಬೆಸ್ಟಾಸ್ ದೊಡ್ಡ ಸುದ್ದಿಯಾಗಿ, ಗುಂಡಿ ಸರಿಪಡಿಸುವ ಕೆಲಸವೇ ಕೆಲಕಾಲ ನಿಂತಿತು. ಇನ್ನು ನಕ್ಷೆಗಳ ಕತೆ ಕೇಳಬೇಡಿ. ನಕ್ಷೆಯಲ್ಲಿರುವ ಡಕ್ಟ್ ನೆಲದಲ್ಲಿ ಇರಲ್ಲ. ಇದ್ದರೂ ಒಳಗೆ ಮಣ್ಣು ತುಂಬಿರುತ್ತದೆ. ಯಾವ ಡಕ್ಟ್ ಖಾಲಿ ಇದೆ ಅಂತ ತೆರೆದು ನೋಡಿ ಪಟ್ಟಿ ಮಾಡಿಸದೆ ಟೆಂಡರ್ ಕರೆಯಬೇಡಿ.

ಸಿಗ್ನಲ್ ಸಿಕ್ತಾ: ಅಂದರೆ ಜೆಸಿಬಿಗೆ ರಜೆ ಇಲ್ಲ ಅಂತೀರಾ?

ಮ್ಯಾನ್‌ಹೋಲ್ ಮೇಡಂ: ಅರ್ಧ ದಿನ ಕೊಡಬಹುದು.