ಸಹಾಯ ಬೇಕು: ಸ್ಟ್ಯಾಟಿಸ್ಟಿಕ್ಸ್ ಓದಲು ಬಿಎ ಸಾಕಾ, ಬಿಎಸ್‌ಸಿಯೇ ಆಗಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಮಗಳು ಈ ವರ್ಷ ಪ್ಲಸ್ ಟು ಸಯನ್ಸ್ ಮುಗಿಸುತ್ತಾಳೆ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಗಣಿತವೆಂದರೆ ಪ್ರಾಣ. ತೋಟದ ಮಳೆಮಾಪಕದ ಲೆಕ್ಕ ಬರೆಯುವವಳು ಅವಳೇ. ಜೂನ್, ಜುಲೈ ಮಳೆಯ ಸರಾಸರಿ ತೆಗೆದು, ಯಾವ ವರ್ಷ ಏರಿಳಿತ ಜಾಸ್ತಿ ಅಂತ ಗ್ರಾಫ್ ಹಾಕಿ ಅಜ್ಜನಿಗೆ ತೋರಿಸುತ್ತಾಳೆ. ಫಿಸಿಕ್ಸ್, ಕೆಮಿಸ್ಟ್ರಿ ಲ್ಯಾಬ್ ಮಾತ್ರ ಅವಳಿಗೆ ಆಗಿಬರುವುದಿಲ್ಲ.

ಕೇರಳದಲ್ಲಿ 2024ರಿಂದ ಡಿಗ್ರಿ ನಾಲ್ಕು ವರ್ಷದ್ದು. ಮೂರಕ್ಕೆ ಬಿಡಲೂಬಹುದು. ಕರ್ನಾಟಕದ ಕೆಲವು ಕಾಲೇಜುಗಳಲ್ಲಿ ಬಿಎಯಲ್ಲೇ ಅರ್ಥಶಾಸ್ತ್ರದ ಜೊತೆ ಗಣಿತ, ಸ್ಟ್ಯಾಟಿಸ್ಟಿಕ್ಸ್ ಇದೆ. ಅವಳ ಮನಸ್ಸು ಅದರ ಮೇಲೆ. ನೆಂಟರದ್ದು ಒಂದೇ ಮಾತು: "ಸಯನ್ಸ್ ಓದಿ ಆರ್ಟ್ಸಿಗಾ?" ಕೇಂದ್ರ ಸರ್ಕಾರದ ಸ್ಟ್ಯಾಟಿಸ್ಟಿಕ್ಸ್ ಅಧಿಕಾರಿಗಳನ್ನು ಆರಿಸುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆಗೆ ಪದವಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಒಂದು ವಿಷಯವಾಗಿದ್ದರೆ ಆಯಿತು, ಬಿಎ-ಬಿಎಸ್‌ಸಿ ಭೇದ ಇಲ್ಲ. ಡಿಗ್ರಿಯ ಹೆಸರಿಗಿಂತ ಒಳಗೆ ಏನು ಕಲಿಸುತ್ತಾರೆ ಅನ್ನುವುದೇ ಮುಖ್ಯ ಅಂತ ನನಗೂ ಅನ್ನಿಸುತ್ತದೆ, ಅಲ್ವಾ?

ಇಂಥ ಬಿಎ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಗಟ್ಟಿಯಾಗಿ ಕಲಿಸುತ್ತಾರಾ? ಮುಂದೆ ಎಂಎಸ್‌ಸಿ ಸ್ಟ್ಯಾಟಿಸ್ಟಿಕ್ಸ್‌ಗೆ ಸೀಟು ಸಿಕ್ಕಿತಾ, ಇಲ್ಲ ಬಿಎ ಅಂತ ತಡೆದರಾ? ಮಂಗಳೂರಿಗೆ ದಿನಾ ಬಸ್ಸಲ್ಲಿ ಹೋಗಿಬಂದು ಓದಿದ ಮಕ್ಕಳ ಅನುಭವವೂ ಬೇಕು.