ಒಂದೇ ರಸ್ತೆಯಲ್ಲಿ ಎರಡು ಬ್ಯಾಪ್ಟಿಸ್ಟ್ ಸಭೆ: ಯಾವುದಕ್ಕೆ ಸೇರೋಣ?

ಪ್ರಶ್ನೆ (ಗ್ರೀನ್‌ವಿಲ್, ಸೌತ್ ಕ್ಯಾರೊಲೈನಾ)

ನಾವು ಬೆಂಗಳೂರಿನವರು, ಕೆಲಸದ ಮೇಲೆ ಇಲ್ಲಿಗೆ ಬಂದಿದ್ದೇವೆ. ನಾನು ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಬೆಳೆದವನು, ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿದೆ. ನನ್ನ ಹೆಂಡತಿ ದೊಡ್ಡವಳಾದ ಮೇಲೆ ಪೆಂತೆಕೋಸ್ತ್ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡವಳು. ಮನೆ ಹತ್ತಿರ ಎರಡು ಬ್ಯಾಪ್ಟಿಸ್ಟ್ ಸಭೆಗಳಿವೆ. ಒಂದು ಸದರ್ನ್ ಬ್ಯಾಪ್ಟಿಸ್ಟ್ ಎಂಬ ದೊಡ್ಡ ಒಕ್ಕೂಟಕ್ಕೆ ಸೇರಿದ್ದು, ಇನ್ನೊಂದು ಇಂಡಿಪೆಂಡೆಂಟ್, ಅಂಥ ಒಕ್ಕೂಟಕ್ಕೆ ಸೇರದ್ದು. ಮೊದಲನೆಯವರು ಪ್ರೆಸ್ಬಿಟೇರಿಯನ್, ಮೆಥೊಡಿಸ್ಟರ ಜೊತೆ ಸೇರಿ ಕ್ರಿಸ್‌ಮಸ್ ಕೂಟ ಮಾಡುತ್ತಾರೆ. ಎರಡನೆಯವರು ಅಂಥ ಕೂಟಕ್ಕೆ ಕಾಲಿಡುವುದಿಲ್ಲ. ಕರ್ತನ ಭೋಜನದ ದಿನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ) ಅಲ್ಲಿ "ಈ ಸಭೆಯ ಸದಸ್ಯರಿಗೆ ಮಾತ್ರ" ಎಂದು ಮೊದಲೇ ಹೇಳಿದರು. ನಾವು ಸುಮ್ನೆ ಕೂತಿದ್ದು ಬಂದೆವು. ಬೇಜಾರಾಯಿತು. ಆದರೆ ವಾಕ್ಯಬೋಧನೆ ಅಲ್ಲೇ ಚೆನ್ನಾಗಿದೆ. ಎರಡೂ ಬ್ಯಾಪ್ಟಿಸ್ಟ್ ಅಂದ ಮೇಲೆ ಇಷ್ಟು ವ್ಯತ್ಯಾಸ ಯಾಕೆ? ಅನುಭವ ಇದ್ದವರು ಹೇಳಿ.

ಡಲ್ಲಾಸ್‌ನಿಂದ

ಬ್ರದರ್, ಸಿಎಸ್‌ಐನಲ್ಲಿ ಬೆಳೆದವರಿಗೆ ಮೇಲೆ ಬಿಷಪ್ ಇರುತ್ತಾರೆ, ಅವರ ಆಡಳಿತದ ಡಯಾಸಿಸ್ ಇರುತ್ತದೆ. ಬ್ಯಾಪ್ಟಿಸ್ಟರಲ್ಲಿ ಮೇಲಿನಿಂದ ಆರ್ಡರ್ ಬರುವುದಿಲ್ಲ. ಪಾಸ್ಟರನ್ನು ಕರೆಯುವುದು, ಬಜೆಟ್ ಒಪ್ಪುವುದು, ಯಾರ ಜೊತೆ ಸೇರಬೇಕು ಎನ್ನುವುದು, ಎಲ್ಲವನ್ನೂ ಆಯಾ ಸಭೆಯೇ ತೀರ್ಮಾನಿಸುತ್ತದೆ. ಬೋರ್ಡಿನ ಮೇಲೆ ಬ್ಯಾಪ್ಟಿಸ್ಟ್ ಅಂತ ಇದ್ದರೆ, ನಂಬಿಕೆ ಇಟ್ಟವರಿಗೆ ಮಾತ್ರ ದೀಕ್ಷಾಸ್ನಾನ ಕೊಡುತ್ತಾರೆ, ಅದೂ ಮುಳುಗಿಸಿ ಕೊಡುತ್ತಾರೆ ಎಂದು ಗೊತ್ತಾಗುತ್ತದೆ. ಅದರಾಚೆಗೆ ಏನನ್ನೂ ಊಹಿಸಬೇಡಿ.

ನಾನು ಎರಡೂ ಕಡೆ ಸದಸ್ಯನಾಗಿದ್ದವನು. ವ್ಯತ್ಯಾಸ ತಿಳಿಯಬೇಕಾದರೆ ದುಡ್ಡು ಹೋಗುವ ದಾರಿ ನೋಡಿ. ಸದರ್ನ್ ಬ್ಯಾಪ್ಟಿಸ್ಟ್ ಸಭೆಯ ಬಜೆಟ್ ಹಾಳೆಯಲ್ಲಿ "ಕೋಆಪರೇಟಿವ್ ಪ್ರೋಗ್ರಾಂ" ಎಂದು ಒಂದು ಸಾಲು ಇರುತ್ತದೆ. 1925ರಲ್ಲಿ ಶುರುವಾದ ವ್ಯವಸ್ಥೆ. ಸಾವಿರಾರು ಸಭೆಗಳು ಕಾಣಿಕೆಯ ಒಂದು ಪಾಲನ್ನು ಒಟ್ಟಿಗೆ ಹಾಕುತ್ತವೆ, ಅದರಿಂದ ಮಿಷನರಿಗಳಿಗೆ ಸಂಬಳ, ಪಾಸ್ಟರುಗಳನ್ನು ತಯಾರು ಮಾಡುವ ಸೆಮಿನರಿಗಳಿಗೆ ಖರ್ಚು. ಮಿಷನರಿ ಊರೂರು ಸುತ್ತಿ ಕೈ ಚಾಚಬೇಕಿಲ್ಲ.

ಇಂಡಿಪೆಂಡೆಂಟ್ ಸಭೆಯಲ್ಲಿ ಕಾರಿಡಾರಿನ ಗೋಡೆ ನೋಡಿ. ದೊಡ್ಡ ಪ್ರಪಂಚದ ನಕಾಶೆ, ಅದಕ್ಕೆ ಪಿನ್ನು, ಪಕ್ಕದಲ್ಲಿ ಮಿಷನರಿ ಕುಟುಂಬಗಳ ಫೋಟೋ ಇರುವ ಪ್ರಾರ್ಥನಾ ಕಾರ್ಡುಗಳು. ಆ ಒಂದೊಂದು ಕುಟುಂಬವೂ ಬುಧವಾರದ ಕೂಟಕ್ಕೆ ಬಂದು ಸ್ಲೈಡ್ ತೋರಿಸಿ, ಊಟ ಮಾಡಿ, ಸಭೆಯವರ ಪ್ರಶ್ನೆಗೆ ಉತ್ತರ ಕೊಟ್ಟು ಹೋಗಿರುತ್ತದೆ. ಆಮೇಲೆ ಸಭೆ ವೋಟು ಹಾಕಿ ತಿಂಗಳಿಗೆ ಇಷ್ಟು ಎಂದು ಗೊತ್ತು ಮಾಡುತ್ತದೆ. ಎಷ್ಟೋ ಸಭೆಗಳು ಮೊದಲೇ ಒಂದು ಪ್ರಶ್ನಾವಳಿ ಕಳಿಸುತ್ತವೆ: ಯಾವ ಬೈಬಲ್ ಅನುವಾದ ಬಳಸುತ್ತೀರಿ, ಯಾವ ಕಾಲೇಜಿನಲ್ಲಿ ಓದಿದಿರಿ, ಯಾರ ವೇದಿಕೆ ಮೇಲೆ ಮಾತಾಡಿದ್ದೀರಿ. ಕೊನೆಯ ಪ್ರಶ್ನೆಯಲ್ಲೇ ನಿಮ್ಮ ಗೊಂದಲಕ್ಕೆ ಉತ್ತರ ಇದೆ.

ಇದಕ್ಕೆ ಹಿನ್ನೆಲೆ ಇದೆ. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗದ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನಲ್ಲಿ (ಸಭೆಗಳ ಒಕ್ಕೂಟ) ಆಧುನಿಕ ದೇವಶಾಸ್ತ್ರದ ಜಗಳ ಜೋರಾಯಿತು. ನಾವು ಕೊಟ್ಟ ಕಾಣಿಕೆಯಲ್ಲೇ ಕನ್ಯಾಜನನ, ಪುನರುತ್ಥಾನ ಅನುಮಾನಿಸುವವರಿಗೆ ಸಂಬಳ ಹೋಗುತ್ತಿದೆ ಅಂತ ಸಂಪ್ರದಾಯಸ್ಥರ ಸಿಟ್ಟು. 1932ರಲ್ಲಿ ಒಂದಷ್ಟು ಸಭೆಗಳು ಹೊರಬಂದು ಜನರಲ್ ಅಸೋಸಿಯೇಷನ್ ಆಫ್ ರೆಗ್ಯುಲರ್ ಬ್ಯಾಪ್ಟಿಸ್ಟ್ ಚರ್ಚಸ್ ಕಟ್ಟಿಕೊಂಡವು. ಇನ್ನು ಕೆಲವರು ಒಳಗೇ ಇದ್ದು ಸರಿ ಮಾಡೋಣ ಎಂದರು, 1940ರ ದಶಕದಲ್ಲಿ ಅವರಲ್ಲೂ ಅನೇಕರು ಬೇರೆಯಾದರು.

ನಿಮ್ಮ ಊರಂತೂ ಈ ಕಥೆಯ ನಡುಮಧ್ಯದಲ್ಲಿದೆ. ಹೆಸರಾಂತ ಸುವಾರ್ತಾ ಪ್ರಸಂಗಿ ಬಿಲ್ಲಿ ಗ್ರಹಾಂ ಸದರ್ನ್ ಬ್ಯಾಪ್ಟಿಸ್ಟ್. 1957ರ ನ್ಯೂಯಾರ್ಕ್ ಕೂಟಗಳನ್ನು ಅವರು ಎಲ್ಲ ತರದ ಪ್ರೊಟೆಸ್ಟೆಂಟರಿದ್ದ ಮಂಡಳಿಯ ಆಶ್ರಯದಲ್ಲಿ ನಡೆಸಿದರು. ಯೇಸುವನ್ನು ನಂಬುತ್ತೇನೆ ಎಂದು ಮುಂದೆ ಬಂದು ತೀರ್ಮಾನ ಮಾಡಿದವರನ್ನು ಅವರವರ ಸಭೆಗೇ ಕಳಿಸುತ್ತಿದ್ದರು, ಆ ಸಭೆ ಉದಾರವಾದಿಯಾಗಿದ್ದರೂ ಸರಿ. ಬಾಬ್ ಜೋನ್ಸ್, ಜಾನ್ ಆರ್. ರೈಸ್ ಅವರಂಥ ಕಟ್ಟಾ ಸಂಪ್ರದಾಯಸ್ಥ ಪ್ರಸಂಗಿಗಳಿಗೆ ಅದು ನುಂಗಲಾರದ ತುತ್ತಾಯಿತು. ಗ್ರೀನ್‌ವಿಲ್‌ನಲ್ಲಿರುವ ಬಾಬ್ ಜೋನ್ಸ್ ಯೂನಿವರ್ಸಿಟಿ ಬ್ಯಾಪ್ಟಿಸ್ಟ್ ಸಂಸ್ಥೆ ಅಲ್ಲ, ಆದರೆ ಇಂಡಿಪೆಂಡೆಂಟ್ ಪಾಸ್ಟರುಗಳಲ್ಲಿ ಬಹಳ ಜನ ಅಲ್ಲಿ ಓದಿದವರು. 1966ರಲ್ಲಿ ಗ್ರಹಾಂ ನಿಮ್ಮ ಊರಿಗೇ ಬಂದಾಗ ಆ ಕೂಟಕ್ಕೆ ಹೋಗಬಾರದು ಎಂದು ಅಲ್ಲಿನ ವಿದ್ಯಾರ್ಥಿಗಳಿಗೆ ಕಟ್ಟಪ್ಪಣೆಯಾಗಿತ್ತು.

ಆಮೇಲೆ ಬೇರೆಯಾದವರೇ ಮತ್ತೆ ಬೇರೆಯಾದರು. ತಪ್ಪು ಬೋಧನೆಯವರಿಂದ ದೂರ ಇರುವುದು ಒಂದು ಹಂತ. ಅಂಥವರ ಜೊತೆ ಸೇರುವ ಒಳ್ಳೆ ವಿಶ್ವಾಸಿಯಿಂದಲೂ ದೂರ ಇರಬೇಕಾ? ರೈಸ್ ಅಷ್ಟು ದೂರ ಹೋಗಲು ಒಪ್ಪಲಿಲ್ಲ. ಬಾಬ್ ಜೋನ್ಸರ ಮಗ ಬಾಬ್ ಜೋನ್ಸ್ ಜೂನಿಯರ್ ಬೇಕು ಅಂದರು. 1971ರ ಹೊತ್ತಿಗೆ ಈ ಇಬ್ಬರ ದಾರಿಯೂ ಬೇರೆಯಾಯಿತು. ನನಗೆ ತಡೆದುಕೊಳ್ಳಲು ಆಗದೇ ಹೋಗಿದ್ದು ಇದೇ ಎರಡನೇ ಹಂತ. ನಾನಿದ್ದ ಸಭೆಯಲ್ಲಿ ಒಬ್ಬ ಪಾಸ್ಟರನ್ನು ಪ್ರಸಂಗಕ್ಕೆ ಕರೆಯಬೇಕಾದರೆ ಅವರ ಗೆಳೆಯರ ಗೆಳೆಯರನ್ನೂ ಜಾಲಾಡುತ್ತಿದ್ದರು. ಸಂಬಂಧ ನೋಡುವ ಮನೆಯವರೂ ಅಷ್ಟು ವಿಚಾರಿಸುವುದಿಲ್ಲ!

ಹಾಗಾಗಿ "ನೀವು ಪ್ರತ್ಯೇಕವಾಗಿರುವವರಾ?" ಅಂತ ಪಾಸ್ಟರನ್ನು ಕೇಳಬೇಡಿ, ಹೌದು ಅಂತಾರೆ ಅಷ್ಟೇ. "ಯಾರಿಂದ, ಯಾವ ಕೆಲಸದಲ್ಲಿ?" ಎಂದು ಕೇಳಿ. ಭೋಜನದಲ್ಲಾ, ಪ್ರಸಂಗಪೀಠದಲ್ಲಾ, ದುಡ್ಡಲ್ಲಾ, ಆಸ್ಪತ್ರೆ–ಪ್ರವಾಹ ಪರಿಹಾರದಂಥ ಸೇವೆಯಲ್ಲಾ? ಎಲ್ಲರೂ ಒಂದು ಕಡೆ ಗೆರೆ ಎಳೆದೇ ಎಳೆಯುತ್ತಾರೆ. ಸದರ್ನ್ ಬ್ಯಾಪ್ಟಿಸ್ಟರೂ ಎಳೆಯುತ್ತಾರೆ. 2004ರಲ್ಲಿ ಪ್ರಪಂಚದ ಬ್ಯಾಪ್ಟಿಸ್ಟರ ಒಕ್ಕೂಟವಾದ ಬ್ಯಾಪ್ಟಿಸ್ಟ್ ವರ್ಲ್ಡ್ ಅಲಯನ್ಸ್ ಬಿಟ್ಟರು. 2023ರಲ್ಲಿ ಮಹಿಳಾ ಪಾಸ್ಟರ್ ವಿಷಯಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್‌ನಂಥ ದೊಡ್ಡ ಸಭೆಯನ್ನೇ ಹೊರಗಿಟ್ಟರು.

ಓಹಾಯೊದಿಂದ

ನಾನು ಈಗಲೂ ಇಂಡಿಪೆಂಡೆಂಟ್ ಸಭೆಯಲ್ಲೇ ಇದ್ದೇನೆ, ಸಂತೋಷವಾಗಿಯೇ ಇದ್ದೇನೆ. ಮೇಲಿನ ಬ್ರದರ್ ಹೇಳಿದ್ದು ಸುಳ್ಳಲ್ಲ, ಆದರೆ ಒಂದು ಮಾತು ಬಿಟ್ಟುಹೋಗಿದೆ. ನಮ್ಮವರಿಗೆ ಇದು ಜಂಬದ ವಿಷಯ ಅಲ್ಲ, ವಿಧೇಯತೆಯ ವಿಷಯ. ಬೈಬಲಿನ ಎರಡನೇ ಕೊರಿಂಥದ 6ನೇ ಅಧ್ಯಾಯ ಓದಿ, ಬೇರೆಯಾಗಿರಿ ಅಂತ ಅಲ್ಲಿದೆ. ಯೋಹಾನ 17ರಲ್ಲಿ ಎಲ್ಲರೂ ಒಂದಾಗಿರಲಿ ಎಂದು ಕರ್ತನು ಪ್ರಾರ್ಥಿಸಿದ್ದಾನೆ, ಗೊತ್ತು. ಅದೇ ಪ್ರಾರ್ಥನೆಯಲ್ಲಿ ನಿನ್ನ ವಾಕ್ಯವೇ ಸತ್ಯ ಅಂತಲೂ ಇದೆಯಲ್ಲ.

ಭೋಜನದ ವಿಷಯ: ಸದಸ್ಯರಿಗೆ ಮಾತ್ರ ಎನ್ನುವುದು ನಿಮ್ಮ ನಂಬಿಕೆ ಮೇಲಿನ ತೀರ್ಪಲ್ಲ. ಯಾರಾದರೂ ಪಾಪದಲ್ಲಿ ಬಿದ್ದರೆ ಭೋಜನದಿಂದ ತಡೆಯುವ ಜವಾಬ್ದಾರಿ ಸಭೆಗಿದೆ. ನೀವು ಯಾರೋ ಗೊತ್ತಿಲ್ಲ, ನಿಮ್ಮ ಮೇಲೆ ಆ ಜವಾಬ್ದಾರಿ ಹೇಗೆ ಹೊರುತ್ತಾರೆ? ಹೊರಗಿನವರಿಗೆ ಒರಟು ಅನ್ನಿಸುತ್ತದೆ, ಒಪ್ಪುತ್ತೇನೆ. ನಮ್ಮ ಪಾಸ್ಟರ್ ಹೊಸಬರು ಕಂಡರೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸುತ್ತಾರೆ. ಅಷ್ಟು ಮಾಡಿದರೆ ಅರ್ಧ ಬೇಜಾರು ಕಮ್ಮಿ.

ಒಂದು ಎಚ್ಚರಿಕೆ ಮಾತ್ರ. ಕಿಂಗ್ ಜೇಮ್ಸ್ ಎಂಬ ಹಳೆಯ ಇಂಗ್ಲಿಷ್ ಅನುವಾದ ಬಿಟ್ಟರೆ ಬೇರೆ ಬೈಬಲ್ ಬೈಬಲ್ಲೇ ಅಲ್ಲ ಅನ್ನುವ ಸಭೆಯಾದರೆ ನಿಮ್ಮ ಕನ್ನಡ ಬೈಬಲನ್ನು ಏನು ಮಾಡಬೇಕು ಎಂದು ಕೇಳಿ ನೋಡಿ. ಉತ್ತರ ಕೇಳಿ ಆಮೇಲೆ ನಿರ್ಧಾರ ಮಾಡಿ.

ಲಂಡನ್‌ನಿಂದ

ಅಮೆರಿಕದವರ ಜಗಳ ನೋಡಿ ಬ್ಯಾಪ್ಟಿಸ್ಟರೆಲ್ಲ ಹೀಗೇ ಅಂದುಕೊಳ್ಳಬೇಡಿ. ಇಲ್ಲಿ ಬ್ಯಾಪ್ಟಿಸ್ಟ್ ಯೂನಿಯನ್ 1948ರಲ್ಲಿ ಹಲವು ಪಂಗಡಗಳ ಕೂಟವಾದ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಶುರುವಾದಾಗಲೇ ಸೇರಿಕೊಂಡಿತು. ಬ್ಯಾಪ್ಟಿಸ್ಟರೂ ಮೆಥೊಡಿಸ್ಟರೂ ಒಂದೇ ಕಟ್ಟಡ, ಒಂದೇ ಆರಾಧನೆ ಹಂಚಿಕೊಳ್ಳುವ ಕಡೆಗಳೂ ಇವೆ. ನೀರಿನ ದೀಕ್ಷಾಸ್ನಾನದ ಭೇದ ಭೋಜನಕ್ಕೆ ಅಡ್ಡಿ ಆಗಬಾರದು ಎಂದು ಬೆಡ್‌ಫರ್ಡ್‌ನ ಪ್ರಸಂಗಿ ಜಾನ್ ಬನ್ಯನ್ 1673ರಲ್ಲೇ ವಾದಿಸಿದ್ದರು.

ಹಾಗಂತ ಇಲ್ಲೂ ಒಡಕು ಆಗಿದೆ. ಲಂಡನ್ನಿನ ಹೆಸರಾಂತ ಬ್ಯಾಪ್ಟಿಸ್ಟ್ ಪ್ರಸಂಗಿ ಸ್ಪರ್ಜನ್ 1887ರಲ್ಲಿ ಯೂನಿಯನ್ ಬಿಟ್ಟು ಹೊರಬಂದರು, ಬೋಧನೆ ಇಳಿಜಾರಿಗೆ ಬಿದ್ದಿದೆ ಅಂತ. ಮರುವರ್ಷ ಯೂನಿಯನ್ ಕೌನ್ಸಿಲ್ ಅವರನ್ನೇ ಖಂಡಿಸಿತು. ಪ್ರತ್ಯೇಕತೆ ಬೇಕು ಅನ್ನುವವರು ಸ್ಪರ್ಜನ್ ಹೆಸರು ಜಾಸ್ತಿ ಹೇಳುತ್ತಾರೆ. ಅದೇ ಸ್ಪರ್ಜನ್ ತಮ್ಮ ಸಭೆಯ ಭೋಜನಕ್ಕೆ ಬ್ಯಾಪ್ಟಿಸ್ಟರಲ್ಲದ ವಿಶ್ವಾಸಿಗಳನ್ನೂ ಸೇರಿಸಿಕೊಳ್ಳುತ್ತಿದ್ದರು. ನಿಮ್ಮ ಎರಡನೇ ಪಾಸ್ಟರಿಗೆ ಇದನ್ನು ನಗುತ್ತಾ ಹೇಳಿ ನೋಡಿ!

ಬೆಂಗಳೂರಿನಿಂದ

ನಮ್ಮ ದೇಶದಲ್ಲೂ ಇದೇ ಪ್ರಶ್ನೆ, ಬೇರೆ ರೂಪದಲ್ಲಿ. 1947ರಲ್ಲಿ ಸಿಎಸ್‌ಐ ಆದಾಗ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸೇರಿದರು, ಬ್ಯಾಪ್ಟಿಸ್ಟರು ಸೇರಲಿಲ್ಲ. 1970ರಲ್ಲಿ ಉತ್ತರದಲ್ಲಿ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) ಆದಾಗ ಅಲ್ಲಿನ ಕೆಲವು ಬ್ಯಾಪ್ಟಿಸ್ಟ್ ಸಭೆಗಳು ಒಳಗೆ ಹೋದವು. ಮಗುವಿನ ದೀಕ್ಷಾಸ್ನಾನ, ದೊಡ್ಡವರ ದೀಕ್ಷಾಸ್ನಾನ ಎರಡಕ್ಕೂ ಒಂದೇ ಸಭೆಯಲ್ಲಿ ಜಾಗ ಇಟ್ಟುಕೊಂಡರು. ಆಂಧ್ರದ ತೆಲುಗು ಬ್ಯಾಪ್ಟಿಸ್ಟರು, ನಾಗಾಲ್ಯಾಂಡಿನವರು ಬೇರೆಯಾಗಿಯೇ ಉಳಿದರು.

ಇನ್ನೊಂದು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ನಿಮಗೆ ಗೊತ್ತಿರುತ್ತದೆ. 1973ರಲ್ಲಿ ಅದನ್ನು ಶುರು ಮಾಡಿದ್ದು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್. ಆಮೇಲೆ ಆಡಳಿತವನ್ನು ವೆಲ್ಲೂರಿನ ಸಿಎಂಸಿಗೆ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ವಹಿಸಿದರು. ಸಿಎಂಸಿ ಅಂದರೆ ಹಲವು ಪಂಗಡಗಳು ಸೇರಿ ನಡೆಸುವ ಸಂಸ್ಥೆ. ಭೋಜನಕ್ಕೆ ಗೆರೆ ಎಳೆಯುವವರೂ ರೋಗಿಯ ಮಂಚದ ಹತ್ತಿರ ಎಳೆಯುವುದಿಲ್ಲ, ನಾನು ಕಂಡಂತೆ.

ಅಟ್ಲಾಂಟಾದಿಂದ, ಒಬ್ಬ ಸಿಸ್ಟರ್

ಎಲ್ಲರೂ ಬ್ರದರ್ ಬಗ್ಗೆಯೇ ಹೇಳಿದಿರಿ. ನಿಜವಾದ ತೊಡಕು ಅವರ ಹೆಂಡತಿಗೆ ಬರುತ್ತದೆ ಅಂತ ನನ್ನ ಅನುಭವ.

ಬ್ರದರ್, ನಿಮಗೆ ಮಗುವಾಗಿದ್ದಾಗ ಆಗಿದ್ದನ್ನು ಎರಡು ಸಭೆಯವರೂ ಬಹುಶಃ ಲೆಕ್ಕಕ್ಕೆ ಇಡುವುದಿಲ್ಲ. ಸದಸ್ಯರಾಗಬೇಕಾದರೆ ಮುಳುಗಲೇಬೇಕು. ನಿಮ್ಮ ಹೆಂಡತಿ ಆಗಲೇ ಮುಳುಗಿದವರು, ಆದರೂ "ಕೊಟ್ಟವರು ಯಾರು?" ಎಂದು ಕೇಳುವ ಸಭೆಗಳಿವೆ. ಟೆನ್ನೆಸ್ಸಿಯಲ್ಲಿ ಜೆ. ಆರ್. ಗ್ರೇವ್ಸ್ ಎನ್ನುವವರು 1851ರ ಸುಮಾರಿಗೆ ಹಬ್ಬಿಸಿದ ವಿಚಾರ ಅದು. ಬ್ಯಾಪ್ಟಿಸ್ಟ್ ಸಭೆ ಮಾತ್ರ ನಿಜವಾದ ಸಭೆ, ಬೇರೆಯವರು ಮುಳುಗಿಸಿದ್ದು ನಡೆಯುವುದಿಲ್ಲ ಅಂತ. ಇಂಡಿಪೆಂಡೆಂಟರಲ್ಲಿ ಮಾತ್ರ ಅಲ್ಲ, ಸದರ್ನ್ ಬ್ಯಾಪ್ಟಿಸ್ಟರಲ್ಲೂ ಅದರ ನೆರಳು ಇದೆ. ಅವರ ಮಿಷನ್ ಬೋರ್ಡ್ 2005ರಲ್ಲಿ ಹೊಸ ಮಿಷನರಿಗಳ ದೀಕ್ಷಾಸ್ನಾನ ಯಾವ ತರದ ಸಭೆಯಲ್ಲಾಗಿದೆ ಎಂದು ನೋಡುವ ನಿಯಮ ತಂದು, 2015ರಲ್ಲಿ ಸಡಿಲ ಮಾಡಿತು.

ನನಗೂ ಒಂದು ಸಭೆಯಲ್ಲಿ ದೀಕ್ಷಾಸ್ನಾನ ಎರಡನೇ ಸಲ ತೆಗೆದುಕೊಳ್ಳಿ ಎಂದರು. ಆಗಲ್ಲ ಅಂದೆ, ನನ್ನ ಅಮ್ಮ ದಡದಲ್ಲಿ ನಿಂತು ಹಾಡಿದ ದೀಕ್ಷಾಸ್ನಾನ ಅದು. ಪಾಸ್ಟರ್ ಸಿಟ್ಟಾಗಲಿಲ್ಲ, ಆದರೆ ಸದಸ್ಯತ್ವವೂ ಕೊಡಲಿಲ್ಲ. ಮುಂದಿನ ಬೀದಿಯ ಸದರ್ನ್ ಬ್ಯಾಪ್ಟಿಸ್ಟ್ ಸಭೆಯವರು ನನ್ನ ನಂಬಿಕೆಯ ಸಾಕ್ಷಿ ಕೇಳಿ, ಹಿಂದಿನ ಸಭೆಗೆ ಒಂದು ಪತ್ರ ಬರೆದು ತರಿಸಿಕೊಂಡು ಸೇರಿಸಿಕೊಂಡರು. ಅದೇ ಪಂಗಡದ ಇನ್ನೊಂದು ಸಭೆ ಒಪ್ಪದೇ ಇರಬಹುದು. ಅದಕ್ಕೇ ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಇಬ್ಬರು ಪಾಸ್ಟರನ್ನೂ ಈ ಒಂದು ಪ್ರಶ್ನೆ ಮೊದಲು ಕೇಳಿ. ಪತ್ರ ಬೇಕಾದರೆ ಬೆಂಗಳೂರಿನ ಸಭೆಗೆ ಈಗಲೇ ಹೇಳಿಡಿ, ಅಲ್ಲಿಂದ ಬರುವುದಕ್ಕೆ ಟೈಮ್ ಹಿಡಿಯುತ್ತದೆ.