ಪದಚರ್ಚೆ: ‘ಕಣ ಮಾಡು’, ‘ಕಣ ಸಾರಿಸು’ ಒಂದೇ ಕೆಲಸವೇ?

ಗೆಳೆಯರೇ,

ಮಾಗಿಗೆ ಮುಂಚೆ ಮನೆ, ಅಂಗಳ, ತೆನೆ ಒಕ್ಕುವ ನೆಲವಾದ ಕಣ ಇವುಗಳನ್ನು ಅಣಿಮಾಡುವ ಕೆಲಸಗಳ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳಲ್ಲಿ ‘ಕಣ ಮಾಡಿದರು’, ‘ಕಣ ಸಾರಿಸಿದರು’ ಎಂಬ ಮಾತುಗಳು ಅದಲುಬದಲಾಗುತ್ತಿವೆ. ಮಂಡ್ಯ, ಮೈಸೂರು ಸೀಮೆಯ ರಾಗಿ ಊರುಗಳಲ್ಲಿ ಇವೆರಡೂ ಬೇರೆ ಬೇರೆ ಕೆಲಸ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಓದಿದವರಿಗೆ ಕೆಲಸವೇ ತಪ್ಪಾಗಿ ತಿಳಿಯುತ್ತದೆ.

‘ಕಣ ಮಾಡು’ ಎಂದರೆ ನೆಲವನ್ನು ಗಟ್ಟಿ ಮಾಡುವುದು. ಕಾರ್ತಿಕದ ಸೋನೆ ನಿಂತ ಮೇಲೆ ಸ್ವಲ್ಪ ಎತ್ತರದ, ಗಾಳಿ ಆಡುವ ಜಾಗ ನೋಡುತ್ತಾರೆ. ಗಾಳಿ ಇಲ್ಲದ ಕಡೆ ರಾಗಿ ತೂರಲು ಆಗುವುದಿಲ್ಲ. ಒಂದು ಜೊತೆ ಎತ್ತು ಗುಂಡು (ಉರುಳಿಸುವ ಕಲ್ಲು) ಎಳೆದುಕೊಂಡು ಸುತ್ತಲು 25-30 ಅಡಿ ಅಡ್ಡಗಲವಾದರೂ ಬೇಕು. ಮೇಲಿನ ಹುಲ್ಲನ್ನು ಸಲಿಕೆಯಲ್ಲಿ ಕೆತ್ತಿ, ಗರಿಕೆಯ ಬೇರನ್ನು ಅಗೆದು ತೆಗೆಯಬೇಕು. ಬೇರು ಉಳಿದರೆ ವಾರದಲ್ಲೇ ಚಿಗುರಿ ನೆಲ ಬಿರಿಯುತ್ತದೆ. ಆಮೇಲೆ ನೀರು ಕಟ್ಟಿ ರಾತ್ರಿಯೆಲ್ಲ ನೆನೆಯಲು ಬಿಟ್ಟು, ಹದ ಬಂದಾಗ ದನ ತುಳಿಸಿ ಗುಂಡು ಹೊಡೆಯುತ್ತಾರೆ, ಅಂದರೆ ಆ ಕಲ್ಲನ್ನು ಉರುಳಿಸುತ್ತಾರೆ. ಹದ ನೋಡುವುದೇ ಇಲ್ಲಿ ಮುಖ್ಯ. ಹಸಿ ಹೆಚ್ಚಾದರೆ ಮಣ್ಣು ಕಲ್ಲಿಗೆ ಮೆತ್ತಿಕೊಂಡು ಎದ್ದು ಬರುತ್ತದೆ, ಒಣಗಿಹೋಗಿದ್ದರೆ ಕೂರುವುದಿಲ್ಲ, ಬರೀ ದೂಳು. ನಡು ಸ್ವಲ್ಪ ಉಬ್ಬಿದ್ದರೆ ಅಕಾಲದ ಮಳೆ ಬಂದರೂ ನೀರು ನಿಲ್ಲುವುದಿಲ್ಲ.

ನಡುವೆ ನೆಡುವ ಕಂಬ ‘ಮೇಟಿ’. ‘ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು’ ಎಂಬ ಗಾದೆಯಲ್ಲಿ ಮೇಟಿ ಎಂದರೆ ಬೇಸಾಯ ಎಂದಷ್ಟೇ ಮಕ್ಕಳಿಗೆ ಹೇಳಿಕೊಡುತ್ತೇವೆ. ಕಣದ ಕಂಬಕ್ಕೂ ಅದೇ ಹೆಸರಿದೆ ಎಂದೂ ಹೇಳಬೇಕು.

ಇಲ್ಲಿಯವರೆಗಿನದು ‘ಕಣ ಮಾಡುವುದು’. ‘ಸಾರಿಸುವುದು’ ಇದಾದ ಮೇಲೆ.

ಕಣಕ್ಕೆ ಹಾಕುವ ಸಗಣಿ ನೀರಿಗೆ ‘ಬಗ್ಗಡ’ ಎನ್ನುತ್ತಾರೆ. ಒಂದು ಬಕೆಟ್ ಹಸಿ ಸಗಣಿಗೆ ಎರಡು ಮೂರು ಬಕೆಟ್ ನೀರು ಬೆರೆಸಿ, ಗಂಟಿಲ್ಲದಂತೆ ಕಲಸಿ, ಕಣಕ್ಕೆ ಸುರಿದು ಬರಲಿನಿಂದ (ಕಡ್ಡಿ ಪೊರಕೆಯಿಂದ) ಎಳೆಯಬೇಕು. ಒಣಗಿದ ಮೇಲೆ ಇನ್ನೊಂದು ಸಲ, ಮೊದಲು ಎಳೆದದ್ದಕ್ಕೆ ಅಡ್ಡಲಾಗಿ. ಗಟ್ಟಿಯಾಗಿ ಬಳಿದರೆ ಬಾಳಿಕೆ ಹೆಚ್ಚು ಎಂದು ಕೆಲವರು ಬರೆದಿರುವುದು ಸರಿಯಲ್ಲ: ದಪ್ಪ ಪದರ ಒಣಗಿ ಹಕ್ಕಳೆ ಎದ್ದು ಕಾಳಿನ ಜೊತೆ ಸೇರುತ್ತದೆ. ಈ ಕೆಲಸ ಬೆಳಗಿನ ಹೊತ್ತೇ ಆಗಬೇಕು. ಸಂಜೆ ಹಾಕಿದರೆ ರಾತ್ರಿಯ ಇಬ್ಬನಿಗೆ ಬಗ್ಗಡ ಆರದೆ, ಮಾರನೆಯ ದಿನ ಕಾಲಿಗೆ ಕಿತ್ತು ಬರುತ್ತದೆ.

ಇಷ್ಟೊಂದು ಜತನ ಏಕೆಂದರೆ ರಾಗಿ ಸಾಸಿವೆಯಷ್ಟು ಸಣ್ಣ ಕಾಳು. ಅದೇ ಗಾತ್ರದ ಮರಳು ಬೆರೆತರೆ ಜರಡಿಯಲ್ಲೂ ಬೇರೆಯಾಗುವುದಿಲ್ಲ, ತೂರಿದರೂ ಹಾರುವುದಿಲ್ಲ. ಕೊನೆಗೆ ಮುದ್ದೆಯಲ್ಲಿ ಹಲ್ಲಿಗೆ ಸಿಗುತ್ತದೆ. ಟಾರು ರಸ್ತೆಯಲ್ಲಿ ಒಕ್ಕಣೆ ಮಾಡಿದ ರಾಗಿಯಲ್ಲಿ ಕಲ್ಲಿನ ಪುಡಿ ಸೇರುವುದೂ ಹೀಗೆಯೇ.

ಮನೆಯ ಮಾತಿಗೆ ಬಂದರೆ ಬಳಕೆ ಮತ್ತೆ ಬೇರೆ. ಒಳಗಿನ ಮಣ್ಣು ನೆಲವನ್ನು ಕೈಯಿಂದ ‘ಸಾರಿಸುತ್ತಾರೆ’. ಅಂಗಳಕ್ಕೆ ಸಗಣಿ ನೀರು ‘ಹಾಕುತ್ತಾರೆ’, ಗೋಡೆಗೆ ಸುಣ್ಣ ‘ಬಳಿಯುತ್ತಾರೆ’. ಸಂಕ್ರಾಂತಿಗೆ ಮುಂಚಿನ ಈ ಎಲ್ಲವನ್ನೂ ಒಟ್ಟಿಗೆ ಹೇಳಲು ‘ಸಾರಣೆ ಕಾರಣೆ’ ಎಂಬ ಜೋಡುಮಾತಿದೆ. ಕಾರಣೆ ಎಂದರೆ ಗೋಡೆಗೆ ಎಳೆಯುವ ಕೆಮ್ಮಣ್ಣಿನ ಪಟ್ಟೆ. ಮನೆಗೆ ಒಪ್ಪುವ ಈ ಜೋಡುಮಾತನ್ನು ಕಣಕ್ಕೆ ಬಳಸಬಾರದು, ಏಕೆಂದರೆ ಅಲ್ಲಿ ಕಾರಣೆಯ ಕೆಲಸವೇ ಇಲ್ಲ.

ಈಗ ನನ್ನ ಪ್ರಶ್ನೆ. ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಭತ್ತದ ಕಣವನ್ನು ಗದ್ದೆಯಲ್ಲೇ ಮಾಡಿದಾಗ, ಜೇಡಿ ಮಣ್ಣು ಒಣಗುತ್ತಾ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕಿಗೆ ಹೊಟ್ಟು ಬೆರೆಸಿದ ಮಣ್ಣು ತುಂಬಿ, ಮೇಲೆ ತೆಳ್ಳಗೆ ಬಗ್ಗಡ ಎಳೆದು ಮತ್ತೆ ಗುಂಡು ಹೊಡೆಯುವ ಕೆಲಸಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ? ‘ಮುಚ್ಚು’, ‘ಮೆತ್ತು’ ಎಂಬ ಮಾತುಗಳು ಎಲ್ಲ ಬಿರುಕಿಗೂ ಸಲ್ಲುತ್ತವೆ. ನನಗೆ ಬೇಕಾದದ್ದು ಕಣಕ್ಕೆಂದೇ ಇರುವ ಮಾತು. ಉರುಳಿಸುವ ಕಲ್ಲಿಗೆ ‘ಗುಂಡು’, ‘ರೋಣಗಲ್ಲು’ ಎಂಬ ಎರಡು ಹೆಸರುಗಳಲ್ಲಿ ನಿಮ್ಮಲ್ಲಿ ಯಾವುದು ಬಳಕೆಯಲ್ಲಿದೆ ಎಂಬುದನ್ನೂ ತಿಳಿಸಿ. ಉತ್ತರಿಸುವಾಗ ತಾಲ್ಲೂಕಿನ ಹೆಸರು, ಮಣ್ಣು ಕೆಂಪೋ ಜೇಡಿಯೋ, ಕಣ ರಾಗಿಯದೋ ಭತ್ತದ್ದೋ ಎಂಬುದನ್ನು ಸೇರಿಸಿದರೆ ಹೋಲಿಸಿ ನೋಡಲು ಅನುಕೂಲ.